ಹೆದರಿದವನ ಅಳತೆ

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು. ಗಂಜಿಗೆ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಅಂಗಳದ ಮಲ್ಲಿಗೆ ಗಿಡಗಳಿಗೆ ನೀರು ಬಿಟ್ಟೆ. ಬೆಕ್ಕಿಗೆ ಹಿಂದಿನ ದಿನದ ಬಂಗುಡೆ ಮೀನಿನ ತಲೆ ಹಾಕಿದೆ. ಗಂಡನ ಸ್ನಾನಕ್ಕೆ ಬಿಸಿನೀರು ಕಾಯಿಸಿದೆ. ಎದುರಿಗೆ ಗುಬ್ಬಿ, ಅಂದರೆ ಬಟನ್, ಇರುವ ಹತ್ತಿಯ ಅಂಗಿಯೊಂದಕ್ಕೆ ಇಸ್ತ್ರಿ ಹಾಕಿದೆ. ತಲೆಯ ಮೇಲಿಂದ ಎಳೆದು ತೆಗೆಯುವಂಥ ಅಂಗಿ ಬೇಡ ಎಂದು ಆಸ್ಪತ್ರೆಯವರು ಹೇಳಿದ್ದರು. ಗಂಡನ ಬಲಗಣ್ಣಿಗೆ ಮದ್ದಿನ ಹನಿ ಬಿಟ್ಟೆ. ಅಂಗಡಿಯ ಬಾಗಿಲಿಗೆ ತೂಗಹಾಕಲು ರಟ್ಟಿನ ಮೇಲೆ ‘ಕೆಲವು ದಿನ ರಜೆ’ ಎಂದು ಬರೆದು ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟೆ. ಬಸ್ಸಿನ ನೂಕುನುಗ್ಗಲು ಬೇಡ ಎಂದು ರಿಕ್ಷಾ ಕರೆದೆ.

ಇಷ್ಟೆಲ್ಲ ಆಗುವಾಗ ನನ್ನ ಗಂಡ ಮಾಡಿದ್ದು ಒಂದೇ ಕೆಲಸ. ಮನೆಯ ಹೊಲಿಗೆ ಮಿಷನಿಗೆ ಎಣ್ಣೆ ಬಿಟ್ಟರು. ಹಿಂದಿನ ದಿನವೂ ಬಿಟ್ಟಿದ್ದರು. ಅದರ ಹಿಂದಿನ ದಿನವೂ.

ಇವರು ಟೈಲರ್. ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಇವರ ಅಂಗಡಿ. ಪ್ಯಾಂಟು, ಶರ್ಟು, ಶಾಲೆಯ ಸಮವಸ್ತ್ರ ಎಲ್ಲ ಹೊಲಿಯುತ್ತಾರೆ. ಹೆಸರು ಮಾತ್ರ ಮದುವೆಯ ಕೋಟಿಗೆ. ನಮ್ಮ ಇಗರ್ಜಿಯ ಎಷ್ಟೋ ಮದುಮಗಂದಿರು ಆಲ್ತಾರಿನ ಮುಂದೆ ನಿಂತದ್ದು ಇವರು ಹೊಲಿದ ಕೋಟಿನಲ್ಲಿ. ನಾನು ಅದೇ ಅಂಗಡಿಯಲ್ಲಿ ಅಂಚು ಮಡಚುವುದು, ಗುಬ್ಬಿ ಹೊಲಿಯುವುದು, ಇಸ್ತ್ರಿ ಹಾಕುವುದು. ಮನೆಯಲ್ಲಿ ನಾವಾಡುವುದು ಕೊಂಕಣಿ. ಅಂಗಡಿಯಲ್ಲಿ ಬಂದವರಿಗೆ ಸರಿಯಾಗಿ ತುಳು, ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇವರ ಬಲಗಣ್ಣಿಗೆ ಪೊರೆ ಬಂದಿತ್ತು. ಮಳೆಗಾಲ ಶುರುವಾಗುವ ಮೊದಲೇ ಡಾಕ್ಟ್ರು ನೋಡಿ, “ತೆಗೆಸಿಬಿಡಿ. ಈಗ ಸುಲಭ. ಬಲಿಯಲಿಕ್ಕೆ ಬಿಟ್ಟರೆ ನಿಮಗೂ ಕಷ್ಟ, ನಮಗೂ ಕಷ್ಟ. ಎಡಗಣ್ಣಿನಲ್ಲಿಯೂ ಶುರುವಾಗಿದೆ,” ಎಂದಿದ್ದರು. ಇವರು ಬಹಳ ಗಂಭೀರವಾಗಿ ತಲೆ ಆಡಿಸಿದರು. ಮನೆಗೆ ಬಂದು ಕಾರಣಗಳನ್ನು ಹುಡುಕಲು ಕೂತರು.

ಮಳೆಗಾಲದಲ್ಲಿ ಬೇಡ, ಕಣ್ಣಿಗೆ ನಂಜು ಆಗ್ತದೆ ಎಂದರು. ಮಳೆ ಕಮ್ಮಿಯಾದ ಮೇಲೆ ಮರಿಯಮ್ಮನ ಮೊಂತಿ ಹಬ್ಬ ಮುಗಿಯಲಿ ಎಂದರು. ಹಬ್ಬ ಮುಗಿದು ಹೊಸ ತೆನೆಯ ಅಕ್ಕಿ ಉಂಡದ್ದೂ ಆಯಿತು. ನವೆಂಬರಿನಲ್ಲಿ ಮದುವೆಗಳು ಉಂಟಲ್ಲ, ಯಾರು ಹೊಲಿಯುವುದು ಎಂದರು. ಒಮ್ಮೆ ಡಾಕ್ಟ್ರ ಮೇಲೆಯೇ ಬಂತು: “ಅವನಿಗೆ ಗಡ್ಡ ಸರಿಯಾಗಿ ಬಂದಿಲ್ಲ ಮಾರಾಯ್ತಿ. ನನ್ನ ಕಣ್ಣಿನಲ್ಲಿ ಕಲಿಯುವುದಾ?”

ಒಂದೊಂದೇ ನೋಡಿದರೆ ಸುಳ್ಳು ಯಾವುದೂ ಅಲ್ಲ. ಮಳೆಯಲ್ಲಿ ನಂಜು ಆಗುವುದು ನಿಜ, ಮದುವೆಗಳಿದ್ದದ್ದು ನಿಜ, ಡಾಕ್ಟ್ರ ಗಡ್ಡ ವಿರಳ ಇದ್ದದ್ದೂ ನಿಜ. ನಾವು ಯೋಚನೆ ಮಾಡಿ ತೀರ್ಮಾನಕ್ಕೆ ಬರುತ್ತೇವೆ ಎಂದು ಹೇಳಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಆ ವರ್ಷ ನಾನು ಕಂಡದ್ದು ಬೇರೆ. ಹೆದರಿಕೆ ಮೊದಲೇ ಬಂದು ತೀರ್ಮಾನ ಮಾಡಿ ಕುರ್ಚಿಯಲ್ಲಿ ಕೂತಿತ್ತು. ಕಾರಣಗಳು ಆಮೇಲೆ ಒಂದೊಂದಾಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದವು.

ಹೆದರಿಕೆ ಎಂತದ್ದು ಎಂದು ನನಗೆ ಗೊತ್ತಿತ್ತು. ಬೇರೆಯವರಿಗೆ ಸೂಜಿ ಅಂದರೆ ಒಂದು ಚುಚ್ಚು. ಇವರಿಗೆ ಸೂಜಿ ಎಂತ ಮಾಡಬಲ್ಲದು ಅಂತ ಚಿಕ್ಕಂದಿನಿಂದ ಗೊತ್ತು. ಅದು ಬಟ್ಟೆಯ ಯಾವ ಎಳೆಯ ನಡುವೆ ನುಗ್ಗುತ್ತದೆ, ಒಂದು ಕೂದಲಿನಷ್ಟು ಆಚೆಗೆ ಹೋದರೆ ಎಂತ ಹಾಳಾಗುತ್ತದೆ, ಎಲ್ಲ ಇವರ ಬೆರಳಿನಲ್ಲಿ ಉಂಟು. ಅಂಥವರ ಕಣ್ಣಿಗೇ ಸೂಜಿ ಎಂದರೆ ಹೇಗೆ?

ನಾನು ಜಗಳ ಮಾಡಲಿಲ್ಲ. ನೂಲಿನ ಉಂಡೆಗಳನ್ನು ಜೋಡಿಸಿ ಇಟ್ಟೆ. ಕಪ್ಪು ನೂಲು ಎಡಗಡೆಯ ಡಬ್ಬಿಯಲ್ಲಿ, ಕಡುನೀಲಿ ಬಲಗಡೆಯ ಡಬ್ಬಿಯಲ್ಲಿ, ಕಂದು ಬಣ್ಣದ್ದು ಮೇಲಿನ ಕಪಾಟಿನಲ್ಲಿ. ಕೇಳುವ ಮೊದಲೇ ಸೂಜಿಗೆ ನೂಲು ಪೋಣಿಸಿ ದಿಂಬಿಗೆ ಚುಚ್ಚಿ ಇಡುತ್ತಿದ್ದೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರೀತಿ ಇರುವಲ್ಲಿ ಇಂಥ ವ್ಯವಸ್ಥೆಗಳು ತಾವಾಗಿ ಆಗಿಬಿಡುತ್ತವೆ. ಕಣ್ಣು ಕಾಣುವುದಿಲ್ಲ ಎಂಬುದು ಇವರಿಗೆ ಕಾಣದ ಹಾಗೆ ನಾನೇ ನೋಡಿಕೊಂಡೆ ಎಂದು ಆಮೇಲೆ ನನ್ನ ಮಗಳು ಹೇಳಿದಳು. ಇರಬಹುದು.

ಆ ಮಗಳು ಕುವೈಟಿನಲ್ಲಿ ನರ್ಸ್. ಅವಳಿಗೆ ಈ ಕಣ್ಣಿನ ವಿಷಯ ಹೇಳಿರಲಿಲ್ಲ. ನಮ್ಮ ಕಡೆ ಗಲ್ಫಿನಲ್ಲಿ ಜನ ಇರುವ ಮನೆಗಳಲ್ಲಿ ಅದೊಂದು ಕ್ರಮ: ದೂರ ಇರುವವರಿಗೆ ಕೆಟ್ಟದ್ದು ತಿಳಿಸುವುದಿಲ್ಲ. ಪಾಪ, ಅಲ್ಲಿ ಕೂತು ಎಂತ ಮಾಡ್ತಾರೆ, ಸುಮ್ಮನೆ ಮಂಡೆ ಬಿಸಿ. ಎಲ್ಲ ಕಳೆದ ಮೇಲೆ, “ಓ, ಅದಾ, ಅದು ಆಗಿ ಹೋಯಿತು,” ಎನ್ನುವುದು. ಇಡೀ ಕುಟುಂಬದಲ್ಲಿ ಆಸ್ಪತ್ರೆಯ ಸಂಗತಿ ಬಲ್ಲವಳು ಅವಳೊಬ್ಬಳೇ. ಅವಳೊಬ್ಬಳಿಗೇ ಹೇಳದೆ ಉಳಿದವರಿಗೆಲ್ಲ ಹೇಳಿದ್ದೆವು.

ಡಿಸೆಂಬರಿನಲ್ಲಿ ಒಂದು ದಿನ ನಾನು ಅಂಗಡಿಗೆ ಹೋಗಲಿಲ್ಲ. ವಠಾರದಲ್ಲಿ ಒಬ್ಬರು ತೀರಿಕೊಂಡಿದ್ದರು. ಅದೇ ದಿನ ಇವರು ನೂಲನ್ನು ತಾವೇ ಹುಡುಕಿ ತೆಗೆದು ಒಂದು ಕಪ್ಪು ಕೋಟಿಗೆ ಕಾಜಾ ಹಾಕಿದರು. ಗುಬ್ಬಿ ತೂರಿಸುವ ಆ ತೂತುಗಳನ್ನು ಈಗ ಎಲ್ಲರೂ ಮಿಷನಿನಲ್ಲಿ ಹಾಕಿಸುತ್ತಾರೆ. ಇವರು ಕೈಯಲ್ಲಿಯೇ ಹಾಕುವುದು. ಆ ಕೆಲಸ ನನಗೂ ಕೊಡುವುದಿಲ್ಲ. ಮದುವೆ ಜನವರಿ ಆರರ ಎಪಿಫನಿ ಹಬ್ಬ ಕಳೆದ ಮೇಲೆ. ಹುಡುಗನ ತಾಯಿ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವರು, ಊರಿಗೆಲ್ಲ ಅವರು ‘ಟೀಚರ್’. ಅವರ ಗಂಡನ ಮದುವೆಯ ಕೋಟೂ ಇವರದ್ದೇ ಕೈ.

ಮರುದಿನ ಟೀಚರ್ ಮಗನನ್ನು ಕರೆದುಕೊಂಡು ಟ್ರಯಲಿಗೆ ಬಂದರು. ಹುಡುಗ ಕೋಟು ಹಾಕಿಕೊಂಡ. ಹೆಗಲು ಸರಿ, ಕಾಲರು ಸರಿ, ಬೆನ್ನಿನಲ್ಲಿ ಒಂದು ಸುಕ್ಕಿಲ್ಲ. ಟೀಚರ್ ಸಂತೋಷದಲ್ಲಿ, “ಬಾ ಮಗಾ, ಬೆಳಕಿಗೆ ಬಾ, ಫೋಟೋ ತೆಗೀತೇನೆ,” ಎಂದು ಅವನನ್ನು ಓಣಿಗೆ ಕರೆದರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇಲ್ಲದ್ದು ಬಿಸಿಲಿನಲ್ಲಿ ಎದ್ದು ಬಂತು. ಕಪ್ಪು ಕೋಟಿನ ಮೇಲೆ ಮೂರೂ ಕಾಜಾಗಳು ನೀಲಿ.

ಹುಡುಗ ನೋಡಿದ. ನಾನು ನೋಡಿದೆ. ಇವರು ಬಾಗಿಲಲ್ಲಿ ನಗುತ್ತಾ ನಿಂತಿದ್ದರು, ಇವರಿಗೆ ಕಾಣುತ್ತಿರಲಿಲ್ಲ. ಟೀಚರ್ ನನ್ನ ಮುಖ ನೋಡಿದರು, ಆಮೇಲೆ ಇವರ ಮುಖ, ಆಮೇಲೆ ಬಹಳ ಮೆತ್ತಗೆ ಹೇಳಿದರು: “ಪರವಾಗಿಲ್ಲ ಮಾಸ್ಟ್ರೇ. ಕಾಜಾ ಸ್ವಲ್ಪ ನೀಲಿ ಆಗಿದೆ. ಫೋಟೋದಲ್ಲಿ ಎಂತದೂ ಗೊತ್ತಾಗುವುದಿಲ್ಲ.”

ಬೈದಿದ್ದರೆ ಇವರು ಟ್ಯೂಬ್‌ಲೈಟಿನ ಮೇಲೆ, ನೂಲಿನ ಕಂಪೆನಿಯ ಮೇಲೆ, ನನ್ನ ಮೇಲೆ ಹಾಕಿ ಹೇಗೋ ಪಾರಾಗುತ್ತಿದ್ದರು. ಕನಿಕರವನ್ನು ಯಾರ ಮೇಲೆ ಹಾಕುವುದು? ಕಿವಿಯ ತುದಿ ಕೆಂಪಾಗುವುದನ್ನು ನಾನು ಕಂಡೆ. ಹೋಗಿ ಹುಡುಗನ ಮೈಯಿಂದ ಕೋಟನ್ನು ಬಿಡಿಸಿಕೊಂಡರು. ಎಡಗಣ್ಣಿನ ಹತ್ತಿರ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

“ಟೀಚರ್, ಈ ಕೋಟು ಇವತ್ತು ಹೊರಗೆ ಹೋಗುವುದಿಲ್ಲ.”

“ಅಯ್ಯೋ, ನೀವು ಅಷ್ಟಕ್ಕೆಲ್ಲ ಬೇಜಾರು ಮಾಡ್ಬೇಡಿ ಮಾಸ್ಟ್ರೇ. ಪ್ರಾಯ ಆಗ್ತದೆ ಅಲ್ವಾ ಎಲ್ಲರಿಗೂ.”

“ಪ್ರಾಯ ಆದದ್ದು ನನಗೆ, ಕೋಟಿಗೆ ಅಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಟೀಚರಿಗೂ ಹುಡುಗನಿಗೂ ಕೇಳುವ ಹಾಗೆ, “ಆ ಗಡ್ಡ ಇಲ್ಲದವನಿಗೆ ಫೋನ್ ಮಾಡು. ಕಣ್ಣು ತೆಗೆಸುವ,” ಎಂದರು.

“ಕಣ್ಣು ತೆಗೆಸುವುದಲ್ಲ, ಪೊರೆ,” ಎಂದೆ.

“ಎಂತ ಬೇಕಾದರೂ ತೆಗೆಯಲಿ!”

ಸಿಟ್ಟಿನಲ್ಲಿ ಯಾವ ನಿರ್ಧಾರವನ್ನೂ ಮಾಡಬಾರದು ಎಂದು ನಾನು ಮಕ್ಕಳಿಗೆಲ್ಲ ಹೇಳಿದವಳು. ಆದರೆ ಮಳೆಗಾಲದಿಂದ ಕ್ರಿಸ್ಮಸ್ಸಿನವರೆಗೆ ನನ್ನ ಸಮಾಧಾನ ಮಾಡದ ಕೆಲಸವನ್ನು ಆ ಒಂದು ಸಿಟ್ಟು ಮಾಡಿತು. ಅದು ತಣ್ಣಗಾಗುವ ಮೊದಲು ಫೋನ್ ಮಾಡಿ ಜನವರಿಯಲ್ಲಿ ಒಂದು ದಿನ ಗೊತ್ತುಮಾಡಿಸಿದೆ.

ಕಾಜಾ ಬಿಚ್ಚಿ ಪುನಃ ಹಾಕುವ ಕೆಲಸ ನನಗೆ ಬಂತು. ಅದು ಸಣ್ಣ ಮಾತಲ್ಲ. ಕೋಟನ್ನು ನನ್ನ ಮಡಿಲಲ್ಲಿ ಇಟ್ಟು, ತಾನು ಪಕ್ಕದ ಸ್ಟೂಲಿನಲ್ಲಿ ಕೂತು, “ಒತ್ತೊತ್ತಾಗಿ. ಎಳೆಯಬೇಡ. ಗಂಟು ಮೇಲೆ ಬರಲಿ,” ಎಂದು ಹೇಳುತ್ತಾ ಹೋದರು. ಮೂರನೆಯದು ಮುಗಿದಾಗ ಬೆರಳಿನಿಂದ ಸವರಿ ನೋಡಿ, “ಇಷ್ಟು ವರ್ಷ ಬರುವುದಿಲ್ಲ ಅಂತ ಹೇಳಿ ಕುಶಾಲು ಮಾಡಿದ್ದಾ ನೀನು?” ಎಂದರು. ನಾನು ಹಾಗೆ ಹೇಳಿಯೇ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಆ ಹುಡುಗ ಅದೇ ಕೋಟಿನಲ್ಲಿ ಮದುವೆಯಾದ. ನಾನು ಇಗರ್ಜಿಯಲ್ಲಿ ಮೂರನೆಯ ಬೆಂಚಿನಲ್ಲಿ ಕೂತು ಹೆಣ್ಣಿನ ಸೀರೆಯನ್ನೂ ನೋಡದೆ ಆ ಗುಬ್ಬಿಗಳನ್ನೇ ನೋಡಿದೆ ಎಂದರೆ ನಗಬೇಡಿ.

ಇನ್ನು ಆ ದಿನಕ್ಕೆ ಬರುತ್ತೇನೆ. ಕಂಕನಾಡಿಯ ಕಡೆಯ ಒಂದು ಕಣ್ಣಿನ ಆಸ್ಪತ್ರೆ.  ರಿಕ್ಷಾ ಹತ್ತುವ ಹೊತ್ತಿಗೆ ಇವರ ಸಿಟ್ಟು ಆರಿಹೋಗಿತ್ತು. ಅದು ಎತ್ತಿ ತಂದು ಇಲ್ಲಿಯವರೆಗೆ ಬಿಟ್ಟು ಹೋಗಿತ್ತು, ಅಷ್ಟೆ. ಒಳಗೆ ಹೋಗಿ ಕೂತ ಮೇಲೆ ನರ್ಸ್ ಹುಡುಗಿ ಬಂದು ಕಣ್ಣಿಗೆ ಹನಿ ಬಿಟ್ಟು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಪುನಃ ನೋಡಿದಳು.

“ಅಂಕಲ್, ಬಿಪಿ ತುಂಬ ಮೇಲೆ ಉಂಟು.”

“ನನಗೆ ಬಿಪಿ ಇಲ್ಲ.”

“ಹಾಗಾದರೆ ಇದು ಯಾರದ್ದು ಅಂಕಲ್?” ಎಂದು ನಕ್ಕಳು. ಆಮೇಲೆ ನನ್ನ ಹತ್ತಿರ, “ಹೆದರಿಕೆಗೆ ಹೀಗೆ ಆಗ್ತದೆ ಆಂಟಿ. ಸ್ವಲ್ಪ ಹೊತ್ತು ಕೂತ್ಕೊಳ್ಳಲಿ. ಪುನಃ ನೋಡುವ. ಇಳಿಯದಿದ್ದರೆ ಇವತ್ತು ಮಾಡುವುದಿಲ್ಲ, ಬೇರೆ ದಿನ ಬರಬೇಕಾಗ್ತದೆ,” ಎಂದಳು.

‘ಬೇರೆ ದಿನ’ ಎಂಬುದು ಕಿವಿಗೆ ಬಿದ್ದದ್ದೇ ಇವರ ಮುಖದಲ್ಲಿ ಬೆಳಕು ಬಂತು. ಅಷ್ಟು ದಿನ ತಾವು ಹುಡುಕಿದ ಕಾರಣವನ್ನು ಈಗ ಆಸ್ಪತ್ರೆಯವರೇ ಕೊಡುತ್ತಿದ್ದರು. ಅಂಗಿಯ ಮೇಲಿನ ಗುಬ್ಬಿ ಹಾಕಿಕೊಳ್ಳಲು ಶುರು ಮಾಡಿದರು. ಇವತ್ತು ಮನೆಗೆ ಹೋದರೆ ಇವರು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಆಮೇಲೆ ಎಡಗಣ್ಣೂ ಹೋಗುತ್ತದೆ. ಇವರ ಕೈ ಇವರ ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನಾನು ದಿನವೂ ನೋಡಬೇಕು. ನನ್ನ ಬಿಪಿ ಯಾರೂ ನೋಡಲಿಲ್ಲ, ಪುಣ್ಯ.

ಆಗ ನನಗೆ ನೆನಪಾದದ್ದು ಇವರದ್ದೇ ಒಂದು ಕೆಲಸದ ರೀತಿ. ಮದುಮಗ ಅಳತೆ ಕೊಡಲು ಬಂದಾಗ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು, ಹೆಗಲನ್ನು ಕಿವಿಯವರೆಗೆ ಎತ್ತಿ ನಿಲ್ಲುತ್ತಾನೆ. ಮದುವೆಯ ಗಾಬರಿ ಮೈಯಲ್ಲಿ ಕೂತಿರುತ್ತದೆ. ಆ ಮೈಗೆ ಹೊಲಿದ ಕೋಟು ಅವನ ಮೈಗೆ ಆಗುವುದಿಲ್ಲ. “ಹೆದರಿದವನ ಅಳತೆ ತೆಗೆಯಬಾರದು,” ಎನ್ನುತ್ತಾರೆ ಇವರು. ಅದಕ್ಕೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಮೀನಿನ ವಿಷಯ ತೆಗೆಯುತ್ತಾರೆ. ಹುಡುಗನಿಗೆ ಇಷ್ಟವಾದ ಮೀನು ಯಾವುದು ಎಂದು ಕೇಳಿಕೊಂಡು ಅದನ್ನು ಹಳಿಯುತ್ತಾರೆ. ಮಂಗಳೂರಿನ ಯಾವ ಗಂಡಸು ಅದನ್ನು ಸಹಿಸಿಕೊಂಡಿರುತ್ತಾನೆ? ಅವನು ವಾದಕ್ಕೆ ಇಳಿಯುತ್ತಾನೆ, ಕೈ ಆಡಿಸುತ್ತಾನೆ, ಉಸಿರು ಬಿಡುತ್ತಾನೆ, ಹೆಗಲು ತಾನಾಗಿ ಕೆಳಗೆ ಬರುತ್ತದೆ. ಆಗ ಟೇಪು ಇಳಿಯುತ್ತದೆ.

ನಾನು ಬ್ಯಾಗಿನ ಜಿಪ್ಪು ಎಳೆಯುತ್ತಾ ಹೇಳಿದೆ, “ಹೋಗುವಾಗ ಕಾಣೆ ಮೀನು ಸಿಕ್ಕಿದರೆ ತೆಗೆದುಕೊಳ್ಳುವ. ನಿಮ್ಮ ಅಕ್ಕನ ಹಾಗೆ ಬಿಂಬುಳಿ ಕಾಯಿ ಹಾಕಿ ಸಾರು ಮಾಡ್ತೇನೆ.”

“ಕಾಣೆಗೆ ಬಿಂಬುಳಿಯಾ?”

“ಹಾಕಿದರೆ ಎಂತ?”

“ಬೂತಾಯಿ ಮೀನಿಗೆ ಹಾಕು. ಬಂಗುಡೆಗೆ ಹಾಕು. ಕಾಣೆಗೆ ಅಷ್ಟು ಹುಳಿ ಹಾಕಿದರೆ ಮೀನು ಎಲ್ಲಿ ಉಳೀತದೆ? ಅಕ್ಕನಿಗೆ ಅಡಿಗೆ ಯಾವಾಗ ಬರ್ತಿತ್ತು?”

ಎದುರಿನ ಬೆಂಚಿನಲ್ಲಿ ಬ್ಯಾರಿ ಸಮುದಾಯದ ಮುಸ್ಲಿಂ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಒಂದು ಕಣ್ಣಿನದ್ದು ಹೋದ ವರ್ಷ ಆಗಿ, ಇನ್ನೊಂದಕ್ಕೆ ಬಂದವರು. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಕಾಣೆಯನ್ನು ಸಾರಿಗೆ ಯಾರಾದರೂ ಹಾಕ್ತಾರಾ ಮಾರಾಯ್ರೇ? ಅದು ಹುರಿಯಲಿಕ್ಕೆ ಇರುವ ಮೀನು.”

“ನಿಮಗೆ ಎಲ್ಲವೂ ಹುರಿಯಲಿಕ್ಕೇ ಕಾಕಾ,” ಎಂದರು ಇವರು.

“ನಿಮಗೆ ಎಲ್ಲದಕ್ಕೂ ವಿನೆಗರ್. ನಿಮ್ಮ ಮದುವೆಗೆ ಬಂದು ಉಂಡವ ನಾನು. ಉಪ್ಪಿನಕಾಯಿ ಯಾವುದು, ಊಟ ಯಾವುದು ಗೊತ್ತಾಗಲಿಲ್ಲ.”

“ನಮ್ಮ ಮದುವೆಗಾ? ನೀವಾ?”

“ನಿಮ್ಮದು ಅಂದರೆ ನಿಮ್ಮ ಪೊರ್ಬುಗಳದ್ದು,” ಎಂದರು ಕಾಕಾ. ನಮ್ಮ ಕ್ರೈಸ್ತರನ್ನು ತುಳುವಿನಲ್ಲಿ ಕರೆಯುವುದೇ ಹಾಗೆ. ಸುತ್ತ ಕೂತವರೆಲ್ಲ ನಕ್ಕರು.

ಇವರು ಜೋರಾಗಿ ನಗುತ್ತಾ ನನ್ನ ಕಡೆ ತಿರುಗಿದವರು ತಟ್ಟನೆ ನಿಲ್ಲಿಸಿದರು. ಬಲಗಣ್ಣು ಹನಿಯ ಮದ್ದಿಗೆ ಅರಳಿ ದೊಡ್ಡದಾಗಿತ್ತು. “ಹೋಯ್. ನೀನು ನನಗೆ ಮೀನು ಹೇಳ್ತಾ ಇದ್ದೀಯಾ?”

“ಮತ್ತೆ ಯಾರಿಗೆ ಹೇಳುವುದು?”

“ನನ್ನ ಕಸುಬು ನನ್ನ ಮೇಲೆಯೇ ಹಾಕಿದ್ದಿ.”

ನಾನು ಇವರ ಅಂಗಿಯ ಮೇಲಿನ ಗುಬ್ಬಿಯನ್ನು ಬಿಚ್ಚಿದೆ.  ಆಗ ಇವರು, ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೇಳದ ಮಾತನ್ನು, ಹಸಿವಾಗ್ತದೆ ಎಂದು ಹೇಳಿದ ಹಾಗೆ ಹೇಳಿದರು: “ಹೆದರಿಕೆ ಆಗ್ತದೆ ನನಗೆ.”

“ಗೊತ್ತುಂಟು.”

“ಯಾವಾಗಿಂದ ಗೊತ್ತು?”

“ಮಳೆಗಾಲಕ್ಕಿಂತ ಮೊದಲಿನಿಂದ.”

“ಮತ್ತೆ ಹೇಳಲಿಲ್ಲ ಯಾಕೆ?”

“ನೀವು ಹೇಳಲಿ ಅಂತ.”

ಇವರ ಹೆಗಲು ಇಳಿಯಿತು. ನಾನು ಕಣ್ಣಾರೆ ನೋಡಿದೆ. ಎರಡು ಹೆಗಲೂ, ಕೊಕ್ಕೆಯಿಂದ ತೆಗೆದ ಕೋಟಿನ ಹಾಗೆ. ಮೀನಿನ ಮಾತು ಅರ್ಧ ಕೆಲಸ ಮಾಡಿತ್ತು, ಉಳಿದರ್ಧವನ್ನು ಆ ಒಂದು ವಾಕ್ಯ ಮಾಡಿತು. ಹೆದರಿಕೆಗೆ ಅದರ ಹೆಸರು ಹೇಳಿ ಕರೆದ ಮೇಲೆ ಅದು ಮಳೆ, ಮದುವೆ, ಗಡ್ಡ ಎಂದು ವೇಷ ಹಾಕಬೇಕಾಗಿಲ್ಲ. ತಾನೇ ಆಗಿ ಪಕ್ಕದಲ್ಲಿ ಕೂತುಕೊಳ್ಳುತ್ತದೆ. ಪಕ್ಕದಲ್ಲಿ ಕೂತದ್ದನ್ನು ಕರೆದುಕೊಂಡು ಒಳಗೆ ಹೋಗಬಹುದು.

ನರ್ಸ್ ಹುಡುಗಿ ಬಂದು ನೋಡಿದಳು. “ಪೂರ್ತಿ ಇಳಿದಿಲ್ಲ. ಆದರೆ ಸಾಕು. ಡಾಕ್ಟ್ರನ್ನು ಕೇಳಿ ಬರ್ತೇನೆ,” ಎಂದಳು. ಬಂದು, “ಬನ್ನಿ ಅಂಕಲ್,” ಎಂದಳು. ಇವರು ಎದ್ದರು. ಕನ್ನಡಕ ತೆಗೆದು ನನ್ನ ಕೈಯಲ್ಲಿ ಕೊಟ್ಟರು. ಬಾಗಿಲ ತನಕ ನಾನು ಹೋದೆ, ಒಳಗೆ ಅವರೊಬ್ಬರೇ ಹೋದರು. ಬೆನ್ನು ನೇರ ಇತ್ತು.

ಹೆದರಿಕೆ ಇಲ್ಲದವರು ಒಳಗೆ ಹೋದರೆ ಅದರಲ್ಲಿ ಎಂತ ಉಂಟು? ಆ ಬೆನ್ನನ್ನು ನೋಡುವಾಗ ನನಗಾದ ಹೆಮ್ಮೆ ಇಗರ್ಜಿಯಲ್ಲಿ ನಮ್ಮ ಮದುವೆಯ ದಿನವೂ ಆಗಿರಲಿಲ್ಲ. ಆ ದಿನ ಇವರು ಬರೀ ಚೆಂದ ಇದ್ದರು.

ಹೊರಗೆ ಕೂತು ನಾನು ಜಪಸರ ಹಿಡಿದೆ. ಕಾಕಾ ತಮ್ಮ ಸರದಿಗೆ ಕಾಯುತ್ತಾ, “ಆಗ್ತದೆ ತಂಗಿ, ಇರುವೆ ಕಚ್ಚಿದಷ್ಟೂ ಇಲ್ಲ,” ಎಂದರು. ಒಂದು ಗಳಿಗೆ ಬಿಟ್ಟು, “ನನಗೂ ಬಿಪಿ ಮೇಲೆ ಇತ್ತು ಆಗ. ನಿಮ್ಮ ಕಾಣೆಯಿಂದ ಇಳಿಯಿತು,” ಎಂದು ಸೇರಿಸಿದರು.

ಇವರು ನಡೆದುಕೊಂಡೇ ಹೊರಗೆ ಬಂದರು, ಕಣ್ಣಿನ ಮೇಲೆ ಒಂದು ಮುಚ್ಚಳ ಅಂಟಿಸಿಕೊಂಡು. ಗಾಲಿಕುರ್ಚಿ ಬೇಡ ಅಂದರಂತೆ. ಹಿಂದೆಯೇ ಡಾಕ್ಟ್ರು ಬಂದರು. ಗಡ್ಡ ವಿರಳವೇ ಇತ್ತು, ಮುಖದಲ್ಲಿ ನಗು ಇತ್ತು. “ಇವರಷ್ಟು ಅಲ್ಲಾಡದೆ ಮಲಗಿದವರು ಕಮ್ಮಿ ಅಮ್ಮಾ. ನನಗೆ ಕೆಲಸ ಸುಲಭ ಮಾಡಿಕೊಟ್ಟರು.”

“ಸೂಜಿಯ ಕೆಳಗೆ ಬಟ್ಟೆ ಅಲ್ಲಾಡಿದರೆ ಹೊಲಿಗೆ ಸೊಟ್ಟ ಆಗ್ತದೆ ಡಾಕ್ಟ್ರೇ,” ಎಂದರು ಇವರು. ಆಮೇಲೆ ಸ್ವಲ್ಪ ಸಂಕೋಚದಿಂದ, “ನಿಮ್ಮ ಕೈ ಚೆಂದ ಉಂಟು. ನಡುಗುವುದಿಲ್ಲ,” ಎಂದರು. ಇವರ ಬಾಯಲ್ಲಿ ಒಬ್ಬರ ಕೈಗೆ ಹೊಗಳಿಕೆ ಬರುವುದು ಅಪರೂಪ. ಡಾಕ್ಟ್ರಿಗೆ ಅದು ಗೊತ್ತಿರಲಿಕ್ಕಿಲ್ಲ.

ಸಂಜೆ ಮಗಳಿಗೆ ವಿಡಿಯೋ ಕರೆ ಮಾಡಿದೆವು. ಮುಚ್ಚಳ ಹಾಕಿದ ಕಣ್ಣನ್ನು ಕಂಡದ್ದೇ ಅವಳು ಕಿರುಚಿದಳು. ಇವರು ಅಭ್ಯಾಸದಂತೆ, “ಓ, ಅದಾ, ಅದು ಆಗಿ ಹೋಯಿತು,” ಎಂದರು.

“ಡ್ಯಾಡಿ, ನಾನು ನರ್ಸ್! ಊರಿಗೆಲ್ಲ ಹೇಳಿ ನರ್ಸಿಗೆ ಹೇಳದೆ ಇರುವುದಾ? ಮಮ್ಮಿ, ನೀವಾದರೂ?”

“ನೀನು ಹೆದರ್ತಿ ಅಂತ,” ಎಂದೆ.

“ಹೆದರ್ತೇನೆ. ಹೆದರಲಿಕ್ಕೆ ಬಿಡಿ ನನ್ನನ್ನು! ಇನ್ನೊಂದು ಕಣ್ಣಿಗೆ ನಾನು ಬರುವ ತನಕ ಕಾಯಿರಿ. ಇಲ್ಲ, ಕಾಯಬೇಡಿ, ಡಾಕ್ಟ್ರು ಹೇಳಿದಾಗ ಮಾಡಿಸಿ. ಆದರೆ ನನಗೆ ಹಿಂದಿನ ದಿನ ಹೇಳಬೇಕು.” ಅತ್ತಳು, ಮೂಗು ಒರೆಸಿಕೊಂಡಳು, ಯಾವ ಹನಿ ಎಷ್ಟು ಸಲ ಎಂದು ವಿಚಾರಿಸಿದಳು, ಬಗ್ಗಬೇಡಿ, ಮುಖಕ್ಕೆ ನೀರು ಹಾಕಬೇಡಿ ಎಂದು ಗದರಿಸಿದಳು. ಆಸ್ಪತ್ರೆಯಲ್ಲಿ ಅವಳು ಹೇಗೆ ಮಾತಾಡುತ್ತಾಳೆ ಎಂದು ನಾವು ಕೇಳಿದ್ದು ಅದೇ ಮೊದಲು. ಫೋನ್ ಇಟ್ಟ ಮೇಲೆ ಇವರು, “ಕೇಳಿದೆಯಾ ಅವಳ ಗತ್ತು?” ಎಂದು ಎರಡು ಸಲ ಹೇಳಿದರು. ಇನ್ನು ಮೇಲೆ ನಮ್ಮ ಮನೆಯಲ್ಲಿ ದೂರದವರಿಗೆ ಮುಚ್ಚಿಡುವುದು ಇಲ್ಲ ಎಂದೂ ಹೇಳಿದರು. ಎಡಗಣ್ಣಿಗೆ ಯಾವ ತಿಂಗಳು ಒಳ್ಳೆಯದು ಎಂದು ತಾವಾಗಿ ಕೇಳಿದರು. ಮಳೆಯ ಮಾತು ಎತ್ತಲಿಲ್ಲ.

ರಾತ್ರಿಗೆ ಬೆಳಗಿನ ಗಂಜಿಯನ್ನೇ ಬಿಸಿ ಮಾಡಿದೆ. ಜೊತೆಗೆ ಒಣಸಿಗಡಿಯ ಚಟ್ನಿ, ಸ್ವಲ್ಪ ಹೆಸರುಕಾಳಿನ ಪಲ್ಯ. ಬಗ್ಗಬಾರದು ಎಂದು ಇವರು ಬಟ್ಟಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಉಂಡರು, ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡರು. ಬಲಮಗ್ಗುಲಿಗೆ ತಿರುಗದಂತೆ ದಿಂಬು ಒತ್ತಿ ಇಟ್ಟೆ. ನಿದ್ದೆಯಲ್ಲಿ ಕಣ್ಣು ಉಜ್ಜಿಕೊಂಡಾರು, ಎಚ್ಚರ ಇದ್ದು ನೋಡಬೇಕು ಎಂದು ಪಕ್ಕದಲ್ಲಿ ಗೋಡೆಗೆ ಒರಗಿ ಕೂತೆ. ಮೊದಲು ನಿದ್ದೆ ಹೋದದ್ದು ನಾನು.